ಇಳಿದು ಬರುವ ದೊಡ್ಡತನ

ದೊಡ್ಡವರ ದೊಡ್ಡತನ ಇರುವುದು ಯಾರಿಗೂ ಎಟುಕದ ಎತ್ತರದಲ್ಲೋ, ಎಲ್ಲರ ಕೈಗೂ ಸಿಗುವ ಹತ್ತಿರದಲ್ಲೋ? ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡ ಜಾಗಗಳಲ್ಲಿ ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಒಂದು. ತೊಣ್ಣೂರಿನಲ್ಲಿ ತಂಗಿದ್ದು, ಆಮೇಲೆ ಬೆಟ್ಟದ ಮೇಲೆ ಚೆಲುವನಾರಾಯಣನನ್ನು ನೆಲೆಗೊಳಿಸಿದರೆಂದು ಸಂಪ್ರದಾಯ ಹೇಳುವ ರಾಮಾನುಜರ ದರ್ಶನದಲ್ಲಿ ಭಗವಂತನ ಗುಣಗಳಿಗೆ ಎರಡು ಮುಖಗಳಿವೆ. ಒಂದು ಪರತ್ವ: ಎಲ್ಲಕ್ಕೂ ಮಿಗಿಲಾಗಿರುವುದು. ಇನ್ನೊಂದು ಸೌಲಭ್ಯ: ಎಲ್ಲರಿಗೂ ಸುಲಭನಾಗಿ ಒದಗುವುದು. ಇವೆರಡೂ ಒಂದಕ್ಕೊಂದು ಎದುರಲ್ಲ ಎಂಬುದೇ ಆ ದರ್ಶನದ ತಿರುಳು. ಸುಲಭನಾಗುವುದರಿಂದ ದೇವರ ಮಹಿಮೆ ಕುಗ್ಗುವುದಿಲ್ಲ, ಪೂರ್ಣವಾಗುತ್ತದೆ. ಬಲಹೀನರಿಗೆ ದಕ್ಕದ ಮಹಿಮೆ ಅರ್ಧ ಮಹಿಮೆ. ಒಂಬೈನೂರು ವರ್ಷ ಹಳೆಯದಾದ ಈ ವಿಚಾರವನ್ನು ಇಂದು ದೇವಸ್ಥಾನದ ಹೊರಗೂ ಕೇಳಿಕೊಳ್ಳಬೇಕಾದ ಸಂದರ್ಭ ಬಂದಿದೆ. ಏಕೆಂದರೆ ನಮ್ಮ ಕಾಲದ ದೊಡ್ಡ ಶಕ್ತಿಗಳಾದ ಸರ್ಕಾರ, ಬ್ಯಾಂಕು, ಆಸ್ಪತ್ರೆಗಳೆಲ್ಲ ಈಗ ಒಂದು ಗಾಜಿನ ಪರದೆಯ ಹಿಂದೆ ಕೂತಿವೆ. ಆ ಪರದೆಯ ಮುಂದೆ ನಿಂತ ಎಪ್ಪತ್ತು ವರ್ಷದ ಜೀವಕ್ಕೆ ಅವು ಸುಲಭವಾಗಿ ಒದಗುತ್ತವೆಯೇ ಎಂಬುದು ತಂತ್ರಜ್ಞರಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆ, ನ್ಯಾಯದ ಪ್ರಶ್ನೆ.

ಮೇಲುಕೋಟೆ ಇರುವ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಒಬ್ಬ ಹಿರಿಯ ರೈತನ ಅಥವಾ ಕೂಲಿ ಮಾಡಿ ಬದುಕಿದ ಅಜ್ಜಿಯ ದಿನಚರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಜಮೀನಿನ ಪಹಣಿ 2000ದ ಹೊತ್ತಿಗೆ ಭೂಮಿ ಯೋಜನೆಯ ಮೂಲಕ ಗ್ರಾಮಲೆಕ್ಕಿಗರ ಕಡತದಿಂದ ಕಂಪ್ಯೂಟರಿಗೆ ಹೋಯಿತು. ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯ ಕಂಪ್ಯೂಟರಿಗೆ ಹೋದವು. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯ ವೇತನ, 2021ರಿಂದ ತಿಂಗಳಿಗೆ 1200 ರೂಪಾಯಿ, ಈಗ ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಹಿಂದೆ ಅಂಚೆಯಣ್ಣ ಮನಿಯಾರ್ಡರು ತಂದು ಜಗಲಿಯ ಮೇಲೆ ಎಣಿಸಿ ಕೊಡುತ್ತಿದ್ದ ಹಣ ಅದು. ಸೊಸೈಟಿಯಲ್ಲಿ ಅಕ್ಕಿ ಸಿಗಬೇಕಾದರೆ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಕಿಸಾನ್ ಸಮ್ಮಾನ್ ಹಣಕ್ಕೆ ಇ-ಕೆವೈಸಿ ಎಂಬ ಗುರುತಿನ ದೃಢೀಕರಣ ಆಗಬೇಕು. ನೌಕರಿಯಿಂದ ನಿವೃತ್ತರಾದವರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತಿಳಿಸುವ ಜೀವನ್ ಪ್ರಮಾಣ್ ಪತ್ರವೂ 2014ರಿಂದ ಡಿಜಿಟಲ್ ರೂಪ ಪಡೆಯಿತು. ಇವುಗಳಲ್ಲಿ ಒಂದೊಂದೂ ಒಳ್ಳೆಯ ಉದ್ದೇಶದಿಂದ ಬಂದದ್ದೇ. ಲಂಚ ತಪ್ಪಲಿ, ಕಡತ ಕಳೆಯದಿರಲಿ, ಹಣ ನೇರವಾಗಿ ತಲುಪಲಿ ಎಂಬ ಉದ್ದೇಶಗಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವೆಲ್ಲ ಒಟ್ಟಾದಾಗ ಒಂದು ಬದಲಾವಣೆ ಆಗಿಹೋಗಿದೆ. ಪರದೆ ಇಂದು ಸರ್ಕಾರದ ಬಾಗಿಲುಗಳಲ್ಲಿ ಒಂದಲ್ಲ, ಬಹುಪಾಲು ಅದೇ ಬಾಗಿಲು. ಬಾಗಿಲು ಒಂದೇ ಆದಾಗ ಅದು ತೆರೆಯಲು ಕಷ್ಟವಾಗಿರುವುದು ಬರೀ ಅನನುಕೂಲವಾಗಿ ಉಳಿಯುವುದಿಲ್ಲ. ಅನ್ನ, ಹಣ, ಜಮೀನಿನ ಹಕ್ಕಿನಿಂದ ಒಬ್ಬರನ್ನು ಹೊರಗಿಡುವ ಕ್ರಿಯೆಯಾಗುತ್ತದೆ. ಹಾಗೆ ಹೊರಗಿಡಬೇಕೆಂದು ಯಾರೂ ಬಯಸಿರದಿದ್ದರೂ ಹೊರಗುಳಿದವರ ಪಾಲಿಗೆ ಫಲ ಒಂದೇ.

ಕಷ್ಟ ಎಲ್ಲಿದೆ ಎಂಬುದನ್ನು ದೇಹದಿಂದ ಶುರುಮಾಡಿ ನೋಡಬೇಕು, ಏಕೆಂದರೆ ಇಲ್ಲಿ ಪುರಾವೆ ಗಟ್ಟಿಯಾಗಿದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತಾ ಹೋಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕಾಲ ಕಳೆದಂತೆ ಅದು ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆದ ಸೂಚನೆ ಯುವಕನಿಗೆ ಚೆಂದವಾಗಿ ಕಂಡರೆ ಹಿರಿಯರಿಗೆ ಅದು ಇಲ್ಲವೇ ಇಲ್ಲ. ಕನ್ನಡದಲ್ಲಿ ಈ ತೊಂದರೆ ಇನ್ನಷ್ಟು ಹೆಚ್ಚು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ, ಮೂಲಾಕ್ಷರಕ್ಕಿಂತ ಚಿಕ್ಕದಾಗಿ ಬರುತ್ತವೆ. ಇಂಗ್ಲಿಷಿನ ಅಳತೆಗೆ ಗೊತ್ತುಮಾಡಿದ ಗಾತ್ರದಲ್ಲಿ, ಅದೇ ಸಾಲಂತರದಲ್ಲಿ ಕನ್ನಡವನ್ನು ತುಂಬಿದರೆ ಒತ್ತುಗಳು ಒಂದು ಚುಕ್ಕೆಯಾಗಿ ಉಳಿಯುತ್ತವೆ, ಇಲ್ಲವೇ ಕೆಳಗಿನ ಸಾಲಿಗೆ ತಾಗುತ್ತವೆ. ಇನ್ನು ಕೈ. ವಯಸ್ಸಾದ ಚರ್ಮ ಒಣಗುತ್ತದೆ, ಅದರ ಹಿಗ್ಗುವ ಗುಣ ಕಡಿಮೆಯಾಗುತ್ತದೆ, ಬೆರಳಿನ ಗೆರೆಗಳು ಚಪ್ಪಟೆಯಾಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಜೀವಮಾನವಿಡೀ ಕಬ್ಬು ಕಡಿದ, ಪೈರು ನೆಟ್ಟ ಕೈಗಳಲ್ಲಿ ಆ ಗೆರೆಗಳು ಇನ್ನೂ ಬೇಗ ಸವೆದಿರುತ್ತವೆ. ದುಡಿಮೆಯ ಗುರುತಾಗಿ ಸವೆದ ಬೆರಳನ್ನೇ ಯಂತ್ರ ಒಪ್ಪದೆ ಹಿಂದಕ್ಕೆ ಕಳಿಸುತ್ತದೆ. ಒಣ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸದಿರಬಹುದು. ನಡುಗುವ ಬೆರಳಿಗೆ ಒಂದಕ್ಕೊಂದು ಅಂಟಿದ ಗುಂಡಿಗಳಲ್ಲಿ ಬೇಕಾದದ್ದನ್ನು ಮುಟ್ಟುವುದೇ ಕಷ್ಟ.

ಮನಸ್ಸಿನ ವಿಷಯಕ್ಕೆ ಬಂದರೆ ಪುರಾವೆ ಇನ್ನೂ ಕುತೂಹಲದ್ದು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಯಲ್ಲಿ ಎರಡು ಬಗೆ ಗುರುತಿಸಿದರು. ಹೊಸ ಸಂದರ್ಭವನ್ನು ಥಟ್ಟನೆ ಬಿಡಿಸುವ ಬುದ್ಧಿ ಒಂದು, ಬದುಕಿನ ಉದ್ದಕ್ಕೂ ಕೂಡಿಟ್ಟ ತಿಳಿವಳಿಕೆಯ ಬುದ್ಧಿ ಇನ್ನೊಂದು. ವಯಸ್ಸಿನೊಂದಿಗೆ ಮೊದಲನೆಯದು ನಿಧಾನವಾಗುತ್ತದೆ. ಒಂದು ಪರದೆಯಲ್ಲಿ ಓದಿದ ಆರು ಅಂಕಿಯನ್ನು ಇನ್ನೊಂದು ಪರದೆಗೆ ಹೋಗುವವರೆಗೆ ನೆನಪಿನಲ್ಲಿ ಹಿಡಿದಿಡುವುದು ಕಷ್ಟವಾಗುತ್ತದೆ. ಎರಡನೆಯದು ಮಾತ್ರ ಎಪ್ಪತ್ತರ ಆಸುಪಾಸಿನವರೆಗೂ ಚೆನ್ನಾಗಿಯೇ ಉಳಿಯುತ್ತದೆ. ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರ ‘ದೇವರು’ ಪ್ರಕಟವಾದದ್ದು ಅವರ ತೊಂಬತ್ತರ ಆಸುಪಾಸಿನಲ್ಲಿ. ಕನ್ನಡದ ಬಹು ನಿಷ್ಠುರ ವೈಚಾರಿಕ ಬರಹಗಳಲ್ಲಿ ಅದೂ ಒಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು. ಆ ಮೊಕದ್ದಮೆಯಿಂದಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂಬ ತೀರ್ಪು ಬಂತು. ಇವರಿಬ್ಬರೂ ಅಸಾಧಾರಣರು, ನಿಜ. ಆದರೆ ಮಳೆನಕ್ಷತ್ರಗಳ ಲೆಕ್ಕ, ಮೂರು ತಲೆಮಾರಿನ ಜಮೀನಿನ ಗಡಿ, ನೂರಾರು ಮನೆಗಳ ಸಂಬಂಧ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡ ಹಳ್ಳಿಯ ಹಿರಿಯರ ಬುದ್ಧಿಯೂ ಇದೇ ಜಾತಿಯದು. ಕಲಿತದ್ದನ್ನು ಬಳಸಗೊಡುವ ವ್ಯವಸ್ಥೆಯಲ್ಲಿ ಅವರು ಸಮರ್ಥರು. ಪ್ರತಿ ಅಪ್‌ಡೇಟಿಗೂ ಗುಂಡಿಯ ಜಾಗ, ಚಿತ್ರ, ಬಣ್ಣ ಬದಲಿಸುವ ವ್ಯವಸ್ಥೆ ಅವರ ಈ ಬಲವನ್ನೇ ನಿರರ್ಥಕ ಮಾಡಿ, ಬರೀ ಚುರುಕುತನದ ಪರೀಕ್ಷೆಗೆ ನಿಲ್ಲಿಸುತ್ತದೆ. ಹಾಗಾಗಿ ಕೊರತೆ ಅಜ್ಜಿಯ ತಲೆಯಲ್ಲಿದೆ ಎನ್ನುವುದು ತಪ್ಪು ತೀರ್ಮಾನ. ಇರುವುದು ಹೊಂದಿಕೆಯ ಕೊರತೆ, ಮತ್ತು ಹೊಂದಿಕೊಳ್ಳುವ ಶಕ್ತಿ ಹೆಚ್ಚಾಗಿರುವುದು ವ್ಯವಸ್ಥೆಯ ಕಡೆಗೆ.

ಹಾಗಾದರೆ ಹೊಂದಿಕೊಳ್ಳಬೇಕಾದವರು ಯಾರು? ರಾಮಾನುಜರ ನಂತರದ ಶ್ರೀವೈಷ್ಣವ ಆಚಾರ್ಯರು ಇದೇ ರೂಪದ ಪ್ರಶ್ನೆಯನ್ನು ಮೋಕ್ಷದ ಸಂದರ್ಭದಲ್ಲಿ ಚರ್ಚಿಸಿದರು. ಜೀವ ದೇವರನ್ನು ಹಿಡಿದುಕೊಳ್ಳಬೇಕೋ, ದೇವರೇ ಜೀವವನ್ನು ಎತ್ತಿಕೊಳ್ಳುತ್ತಾನೋ? ವೇದಾಂತ ದೇಶಿಕರ ಪರಂಪರೆಯ ವಡಗಲೈಯವರು ಮರ್ಕಟಕಿಶೋರ ನ್ಯಾಯ ಹೇಳಿದರು: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪಿಳ್ಳೈ ಲೋಕಾಚಾರ್ಯರ ಪರಂಪರೆಯ ತೆಂಗಲೈಯವರು ಮಾರ್ಜಾಲಕಿಶೋರ ನ್ಯಾಯ ಹೇಳಿದರು: ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಇಂದು ಹಿರಿಯರ ಡಿಜಿಟಲ್ ಕಷ್ಟದ ಬಗ್ಗೆ ಕೇಳಿಬರುವ ಎರಡು ಪರಿಹಾರಗಳು ಹೆಚ್ಚುಕಡಿಮೆ ಈ ಎರಡು ನ್ಯಾಯಗಳಂತೆಯೇ ಇವೆ. ಮೊದಲನೆಯದು ‘ಕಲಿಯಲಿ’ ಎಂಬುದು. ಶಿಬಿರ ಮಾಡೋಣ, ತರಬೇತಿ ಕೊಡೋಣ, ಕಾಲಕ್ಕೆ ತಕ್ಕಂತೆ ಅವರೂ ಬದಲಾಗಲಿ. ಕಲಿಕೆಗೆ ವಯಸ್ಸಿಲ್ಲ ಎಂಬುದು ನಿಜ, ಕಲಿಯಬೇಕೆಂಬ ಹಿರಿಯರಿಗೆ ಕಲಿಸುವುದು ಪುಣ್ಯದ ಕೆಲಸವೇ. ಆದರೆ ಸವೆದ ಬೆರಳಿಗೆ ಗೆರೆ ಮೂಡಿಸುವ ತರಬೇತಿ ಇಲ್ಲ, ಹಳದಿಗಟ್ಟಿದ ಮಸೂರವನ್ನು ತಿಳಿಯಾಗಿಸುವ ಶಿಬಿರವೂ ಇಲ್ಲ. ದೇಶಿಕರ ವಾದವನ್ನೇ ಸರಿಯಾಗಿ ಓದಿದರೆ ಅದು ಕೂಡ ಈ ‘ಕಲಿಯಲಿ’ಯ ಕಠೋರತೆಯನ್ನು ಬೆಂಬಲಿಸುವುದಿಲ್ಲ. ಅವರು ಕೇಳಿದ್ದು ಒಂದು ವ್ಯಾಜವನ್ನು ಮಾತ್ರ, ಅಂದರೆ ಕೃಪೆಗೆ ನೆಪವಾಗುವ ಒಂದು ಸಣ್ಣ ಪ್ರಯತ್ನವನ್ನು. ಭಕ್ತಿಯೋಗದಂಥ ಕಠಿಣ ಸಾಧನೆ ಕೈಲಾಗದವರಿಗೆಂದೇ ಪ್ರಪತ್ತಿ, ಅಂದರೆ ಶರಣಾಗತಿ, ಇರುವುದು. ಶಕ್ತಿ ಇದ್ದಷ್ಟು ಪ್ರಯತ್ನವನ್ನು ಪೂರ್ಣ ಪ್ರಯತ್ನವೆಂದು ಎಣಿಸಬೇಕೆಂಬುದು ಅದರ ಧರ್ಮ. ಹೆಬ್ಬೆಟ್ಟನ್ನು ಮೂರು ಸಲ ಒತ್ತಿದ ಅಜ್ಜ ತನ್ನ ಪ್ರಯತ್ನ ಮಾಡಿದ್ದಾನೆ. ಅಲ್ಲಿಂದ ಮುಂದಿನ ಹೆಜ್ಜೆ ವ್ಯವಸ್ಥೆಯದು.

ಎರಡನೆಯ ಪರಿಹಾರ ಹೆಚ್ಚು ಮೃದುವಾದದ್ದು, ಅದಕ್ಕೇ ಹೆಚ್ಚು ಎಚ್ಚರ ಬೇಡುವಂಥದ್ದು. ‘ಅವರಿಗೆ ಯಾಕೆ ತೊಂದರೆ, ಮನೆಯ ಮಕ್ಕಳು ಮಾಡಿಕೊಡುತ್ತಾರೆ, ಇಲ್ಲವೇ ಸೈಬರ್ ಸೆಂಟರಿನವರು ಮಾಡಿಕೊಡುತ್ತಾರೆ’ ಎಂಬ ಮಾತು ಅದು. ಮೊದಲಿಗೆ, ಮನೆಯಲ್ಲಿ ಮಕ್ಕಳಿದ್ದಾರೆಯೇ? ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಎಷ್ಟೋ ಕುಟುಂಬಗಳ ದುಡಿಯುವ ಕೈಗಳು ಬೆಂಗಳೂರಿನಲ್ಲಿ, ಮುಂಬೈಯಲ್ಲಿ ಇವೆ. 2020ರ ಕೋವಿಡ್ ಕಾಲದಲ್ಲಿ ಮುಂಬೈಯಿಂದ ಮರಳಿದವರಿಂದಾಗಿ ಮಂಡ್ಯ ಜಿಲ್ಲೆ ಸುದ್ದಿಯಲ್ಲಿದ್ದಾಗ ಈ ವಲಸೆ ಎಷ್ಟು ದೊಡ್ಡದೆಂದು ನಾಡಿಗೆ ತಿಳಿಯಿತು. ಊರಿನಲ್ಲಿ ಉಳಿದವರು ಹಿರಿಯರೇ. ಮಕ್ಕಳು ಇದ್ದರೂ ಪ್ರಶ್ನೆ ಮುಗಿಯುವುದಿಲ್ಲ. ತನ್ನ ಪಿನ್ ಸಂಖ್ಯೆಯನ್ನು, ಖಾತೆಯ ಬಾಕಿಯನ್ನು, ಕಾಯಿಲೆಯ ವರದಿಯನ್ನು ಇನ್ನೊಬ್ಬರ ಕೈಗಿಟ್ಟೇ ಬದುಕಬೇಕಾದವರ ಸ್ವಾತಂತ್ರ್ಯ ಎಷ್ಟು? ಮಾರ್ಜಾಲ ನ್ಯಾಯ ನಿಲ್ಲುವುದು ಎತ್ತಿಕೊಳ್ಳುವವನು ಸರ್ವಜ್ಞ, ಅವನಿಗೆ ಮರಿಯಿಂದ ಆಗಬೇಕಾದ ಲಾಭವಿಲ್ಲ ಎಂಬ ನಂಬಿಕೆಯ ಮೇಲೆ. ಮನುಷ್ಯರ ನಡುವೆ ಆ ಆಧಾರವಿಲ್ಲ. ಮೊಮ್ಮಗ ಒಳ್ಳೆಯವನಾಗಿರಬಹುದು, ಅಂಗಡಿಯವನು ಪ್ರಾಮಾಣಿಕನಾಗಿರಬಹುದು, ಆದರೆ ಒಬ್ಬರ ಹಕ್ಕು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಂತರೆ ಅದು ಹಕ್ಕಾಗಿ ಉಳಿಯುವುದಿಲ್ಲ. ದೇವರ ಕೈಗೆ ಶರಣಾಗುವುದು ಆಧ್ಯಾತ್ಮಿಕ ಆಯ್ಕೆ. ಮೊಬೈಲು ಬಲ್ಲವರ ಕೈಗೆ ಶರಣಾಗುವುದು ಒತ್ತಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಾದರೆ ದಾರಿ ಯಾವುದು? ಆ ಎರಡು ಪರಂಪರೆಗಳೂ ಭಿನ್ನಮತವಿಲ್ಲದೆ ಒಪ್ಪುವ ಮೂರನೆಯ ವಿಚಾರವೊಂದಿದೆ: ಅರ್ಚಾವತಾರ. ಪರ, ವ್ಯೂಹ, ವಿಭವ, ಅಂತರ್ಯಾಮಿ, ಅರ್ಚಾ ಎಂಬ ಭಗವಂತನ ಐದು ನೆಲೆಗಳಲ್ಲಿ ಕೊನೆಯದು ವಿಗ್ರಹರೂಪ. ಸೌಲಭ್ಯದ ತುತ್ತತುದಿ ಅದೇ ಎಂದು ಆಚಾರ್ಯರು ಹೇಳುತ್ತಾರೆ. ಯಾಕೆ? ಅಲ್ಲಿ ದೇವರು ಭಕ್ತನನ್ನು ಬೆಕ್ಕಿನಂತೆ ಎತ್ತಿಕೊಂಡು ಹೋಗುವುದಿಲ್ಲ, ಭಕ್ತನೇ ಹತ್ತಿ ಬರಲಿ ಎಂದು ಕಾಯುವುದೂ ಇಲ್ಲ. ಭಕ್ತನ ಕಣ್ಣಿಗೆ ಕಾಣುವ, ಕೈಗೆ ಎಟುಕುವ ಅಳತೆಗೆ ತಾನೇ ರೂಪ ತಾಳುತ್ತಾನೆ. ಭಕ್ತ ಬಯಸಿದ ರೂಪವನ್ನು, ಬಯಸಿದ ಜಾಗವನ್ನು, ಬಯಸಿದ ಹೊತ್ತನ್ನು ಒಪ್ಪಿಕೊಳ್ಳುತ್ತಾನೆ. ಆಮೇಲೆ ಹೂವೇರಿಸುವ, ದೀಪ ಬೆಳಗುವ ಕ್ರಿಯೆ ಭಕ್ತನದೇ. ಶ್ರೀರಂಗಪಟ್ಟಣದ ಆದಿರಂಗ ಗರ್ಭಗುಡಿಯಲ್ಲಿ ಮಲಗಿದ್ದಾನೆ. ಆ ಮೂಲಮೂರ್ತಿ ಕದಲುವಂತಿಲ್ಲ. ಅದಕ್ಕೇ ಉತ್ಸವಮೂರ್ತಿ. ದೇವಸ್ಥಾನದವರೆಗೆ ನಡೆಯಲಾರದವರಿಗೂ ದರ್ಶನವಾಗಲೆಂದು ದೇವರು ಬೀದಿಗೆ ಬರುತ್ತಾನೆ. ಲೋಹಶಿಲ್ಪಕ್ಕೆ ಹೆಸರಾದ ನಾಗಮಂಗಲದಲ್ಲಿ ಇಂದಿಗೂ ಕುಶಲಿಗಳು ಎರಕ ಹೊಯ್ಯುವ ವಿಗ್ರಹಗಳ ಹಿಂದೆ ಇರುವ ತತ್ತ್ವವೂ ಇದೇ: ಅಳತೆಯಿಲ್ಲದ್ದಕ್ಕೆ ಮನುಷ್ಯನ ಅಳತೆ ಕೊಡುವುದು. ಮೇಲುಕೋಟೆಯನ್ನು ಬಿಟ್ಟು ಶ್ರೀರಂಗಕ್ಕೆ ಮರಳುವಾಗ ರಾಮಾನುಜರು ತಮ್ಮವರಿಗೆಂದು ತಮ್ಮ ಪ್ರತಿಮೆಯನ್ನೇ ಬಿಟ್ಟುಹೋದರೆಂದೂ, ಇಂದಿಗೂ ಅಲ್ಲಿ ಪೂಜೆಗೊಳ್ಳುವ ‘ತಮರ್ ಉಗಂದ ತಿರುಮೇನಿ’ (ತನ್ನವರು ಮೆಚ್ಚಿದ ಮೂರ್ತಿ) ಅದೇ ಎಂದೂ ಸಂಪ್ರದಾಯ ನಂಬುತ್ತದೆ. ಹಿರಿಯರಿಗಾಗಿ ಪರದೆ ರೂಪಿಸುವವರಿಗೆ ಬೇಕಾದ ಮಾದರಿ ಇದು. ಅವರ ಕೆಲಸವನ್ನು ನಾವು ಮಾಡಿಮುಗಿಸುವುದಲ್ಲ, ಅವರೇ ಮಾಡಿಕೊಳ್ಳಬಲ್ಲ ರೂಪಕ್ಕೆ ವ್ಯವಸ್ಥೆಯನ್ನು ಇಳಿಸುವುದು.

ಈ ಇಳಿಯುವಿಕೆಗೆ ಖಚಿತವಾದ ಅಳತೆಗಳಿವೆ. ಜಾಲತಾಣಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟ ಡಬ್ಲ್ಯೂ ತ್ರೀ ಸಿ 2008ರಿಂದಲೇ ಹೇಳುತ್ತಿರುವ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕಾಂತಿಯ ಅನುಪಾತ ಕನಿಷ್ಠ 4.5:1 ಇರಬೇಕು. ಕಾಲಮಿತಿ ಇಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಬಳಸುವವರು ಅದನ್ನು ತೆಗೆಯುವ ಅಥವಾ ಹೆಚ್ಚಿಸಿಕೊಳ್ಳುವ ಅವಕಾಶ ಇರಬೇಕು. 2023ರ ಪರಿಷ್ಕರಣೆ ಇನ್ನೆರಡು ಮಾತು ಸೇರಿಸಿತು: ಮುಟ್ಟುವ ಗುಂಡಿಗಳಿಗೆ ಕನಿಷ್ಠ ಗಾತ್ರವೋ ಅಂತರವೋ ಬೇಕು, ಮತ್ತು ಒಳಗೆ ಹೋಗಲು ನೆನಪಿನ ಪರೀಕ್ಷೆ, ಒಗಟು ಬಿಡಿಸುವ ಪರೀಕ್ಷೆಗಳನ್ನೇ ಏಕೈಕ ದಾರಿಯಾಗಿ ಇಡಬಾರದು. ಇವುಗಳಿಗೆ ಕನ್ನಡದ ಅಗತ್ಯಗಳನ್ನು ನಾವು ಸೇರಿಸಬೇಕು: ಒತ್ತಕ್ಷರ ನಿಚ್ಚಳವಾಗುವ ಗಾತ್ರ, ಸಾಲುಗಳ ನಡುವೆ ಹೆಚ್ಚು ಜಾಗ, ಓದಲು ಬಾರದವರಿಗೆ ಮಂಡ್ಯದ ಕಿವಿಗೆ ಅರ್ಥವಾಗುವ ಕನ್ನಡದ ಧ್ವನಿ. ಎಲ್ಲಕ್ಕಿಂತ ಮುಖ್ಯವಾದದ್ದು ತಪ್ಪನ್ನು ತಾಳಿಕೊಳ್ಳುವ ಗುಣ. ಹಿರಿಯರಲ್ಲಿ ಎಷ್ಟೋ ಜನ ಮೊಬೈಲನ್ನು ಮುಟ್ಟಲು ಹಿಂಜರಿಯುವುದು ಏನಾದರೂ ಕೆಟ್ಟುಹೋದೀತು, ದುಡ್ಡು ಹೋದೀತು ಎಂಬ ಭಯದಿಂದ. ರಾಮಾನುಜರು ಭಗವಂತನಲ್ಲಿ ಎತ್ತಿ ಹೇಳಿದ ಗುಣಗಳಲ್ಲಿ ವಾತ್ಸಲ್ಯವೂ ಒಂದು, ಆಶ್ರಯಿಸಿದವರ ದೋಷವನ್ನು ದೋಷವಾಗಿ ಎಣಿಸದಿರುವುದು. ಹಿಂದಕ್ಕೆ ಹೋಗುವ ಗುಂಡಿ ಯಾವಾಗಲೂ ಒಂದೇ ಜಾಗದಲ್ಲಿ ಇರುವುದು, ತುಂಬಿದ ಅರ್ಜಿ ನಡುವೆ ನಿಂತರೂ ಅಳಿಯದೆ ಉಳಿಯುವುದು, ಹಣ ಕಳಿಸುವ ಮುನ್ನ ಯಾರಿಗೆ, ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿ ಕೇಳುವುದು, ‘ನೀವು ತಪ್ಪು ಮಾಡಿದ್ದೀರಿ’ ಎನ್ನುವ ಬದಲು ಮುಂದೇನು ಮಾಡಬೇಕೆಂದು ಹೇಳುವುದು — ಇವೆಲ್ಲ ವಾತ್ಸಲ್ಯದ ಲೌಕಿಕ ರೂಪಗಳು.

ಇದು ಆಗದ ಹೋಗದ ಆದರ್ಶವೆಂದು ಯಾರೂ ಹೇಳುವಂತಿಲ್ಲ, ಏಕೆಂದರೆ ಕರ್ನಾಟಕದಲ್ಲೂ ದೇಶದಲ್ಲೂ ಇದರ ಬೀಜಗಳಿವೆ. ಸರ್ಕಾರದ ಬಳಿ ಈಗಾಗಲೇ ಇರುವ ದಾಖಲೆಗಳಿಂದಲೇ ಅರವತ್ತು ತುಂಬಿದ ಅರ್ಹರನ್ನು ಗುರುತಿಸಿ, ಅರ್ಜಿಗಾಗಿ ಕಾಯದೆ ವೇತನ ಮಂಜೂರು ಮಾಡುವ ‘ಮನೆ ಬಾಗಿಲಿಗೆ ಮಾಸಾಶನ’ 2021ರಲ್ಲಿ ಆರಂಭವಾಯಿತು. ಫೋನು ಮಾಡಿ ಹೇಳಿದರೆ ಎಪ್ಪತ್ತೆರಡು ಗಂಟೆಯಲ್ಲಿ ಪಿಂಚಣಿ ಆದೇಶ ಕೊಡುವ ಯೋಜನೆ 2022ರಲ್ಲಿ ಬಂತು. 2018ರಲ್ಲಿ ಶುರುವಾದ ಅಂಚೆ ಪಾವತಿ ಬ್ಯಾಂಕಿನಿಂದಾಗಿ ಅಂಚೆಯಣ್ಣ ಸಣ್ಣ ಯಂತ್ರ ಹಿಡಿದು ಮತ್ತೆ ಜಗಲಿಗೆ ಬರುವಂತಾಯಿತು. ಬರೀ ಗುಂಡಿಯ ಫೋನಿನಲ್ಲಿ ಮಾತು ಕೇಳಿಸಿಕೊಂಡು ಹಣ ಕಳಿಸುವ ಯುಪಿಐ 123ಪೇ ಕೂಡ 2022ರಲ್ಲೇ ಬಂತು. ಜೀವನ್ ಪ್ರಮಾಣ್‌ಗೆ 2021ರಿಂದ ಬೆರಳಿನ ಬದಲು ಮುಖ ತೋರಿಸಿದರೂ ಸಾಕು. ಮುಖವೂ ಎಲ್ಲರಿಗೆ ಸುಲಭವಲ್ಲ ಎಂಬ ಪ್ರಶ್ನೆಯನ್ನು ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನರು ಸುಪ್ರೀಂ ಕೋರ್ಟಿನ ಮುಂದಿಟ್ಟಾಗ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಹೇಳಿ, ಕೆವೈಸಿಯನ್ನು ಸುಗಮಗೊಳಿಸಲು ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇರುವ, ಚೆಲುವನಾರಾಯಣನ ವೈರಮುಡಿ ಕಿರೀಟವನ್ನು ಪ್ರತಿ ವರ್ಷ ಅಧಿಕಾರಿಗಳು, ಪೊಲೀಸರು ಕಾವಲಿದ್ದು, ಹಳ್ಳಿಹಳ್ಳಿಯ ಪೂಜೆ ಒಪ್ಪಿಸಿಕೊಳ್ಳುತ್ತಾ ಮೇಲುಕೋಟೆಗೆ ತಲುಪಿಸುತ್ತಾರೆ. ಒಂದು ಕಿರೀಟವನ್ನು ಅಷ್ಟು ಶ್ರದ್ಧೆಯಿಂದ ಹೊತ್ತು ತರಬಲ್ಲ ಆಡಳಿತಕ್ಕೆ ಒಬ್ಬ ಮುದುಕಿಯ ತಿಂಗಳ ವೇತನವನ್ನು ಅದೇ ಶ್ರದ್ಧೆಯಿಂದ ತಲುಪಿಸುವ ಶಕ್ತಿ ಖಂಡಿತ ಇದೆ. ಬೇಕಾದದ್ದು ಆ ಶ್ರದ್ಧೆ ಕೆಲವು ಯೋಜನೆಗಳಿಗೆ ನಿಲ್ಲದೆ ಎಲ್ಲ ಪರದೆಗಳ ನಿಯಮವಾಗುವುದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಇದು ಒಂದು ತಲೆಮಾರಿನ ತೊಂದರೆ, ತಾನಾಗಿಯೇ ಕಳೆದುಹೋಗುತ್ತದೆ ಎಂಬುದು. ಇಂದು ನಲವತ್ತರಲ್ಲಿರುವವರು ಮೊಬೈಲಿನೊಂದಿಗೇ ಮುದುಕರಾಗುತ್ತಾರೆ, ಆಗ ಈ ಕಷ್ಟ ಎಲ್ಲಿರುತ್ತದೆ ಎನ್ನುತ್ತಾರೆ. ಈ ಮಾತು ಅಭ್ಯಾಸದ ಮಟ್ಟಿಗೆ ಸರಿ, ದೇಹದ ಮಟ್ಟಿಗೆ ತಪ್ಪು. ಅಭ್ಯಾಸವಿದ್ದ ಮಾತ್ರಕ್ಕೆ ಪಾಪೆ ಹಿಗ್ಗುವುದಿಲ್ಲ. ಜೊತೆಗೆ ಇಂದಿನ ಅಭ್ಯಾಸ ಇಂದಿನ ಪರದೆಗೆ ಮಾತ್ರ ಸೇರಿದ್ದು. ಮೂವತ್ತು ವರ್ಷದ ಮೇಲೆ ಬರುವ ವ್ಯವಸ್ಥೆ ಅಂದಿನ ಇಪ್ಪತ್ತರ ಹರೆಯದವರ ಕೈಯಿಂದ ರೂಪಗೊಂಡು ಇಂದಿನ ಜಾಣರನ್ನು ಅಂದಿನ ಅನಕ್ಷರಸ್ಥರನ್ನಾಗಿ ಮಾಡುತ್ತದೆ. ಇನ್ನು ಅಷ್ಟರೊಳಗೆ ಬದುಕಿ ಮುಗಿಸುವವರ ಮಾತೇನು? ಎರಡನೆಯ ಆಕ್ಷೇಪ ಸಂಖ್ಯೆಯದು: ಬಳಸುವವರಲ್ಲಿ ಹೆಚ್ಚಿನವರು ಕಿರಿಯರಾಗಿರುವಾಗ ಕೆಲವರಿಗಾಗಿ ಇಷ್ಟು ಖರ್ಚು ಏಕೆ? 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ನೂರಕ್ಕೆ ಸುಮಾರು ಒಂಬತ್ತೂವರೆ, ಆ ಪ್ರಮಾಣ ಏರುತ್ತಲೇ ಇದೆ. ಆದರೂ ನನ್ನ ವಾದ ಎಣಿಕೆಯ ಮೇಲೆ ನಿಂತಿಲ್ಲ. ಅಂಗಡಿ ತನ್ನ ಗಿರಾಕಿಯನ್ನು ಆರಿಸಿಕೊಳ್ಳಬಹುದು, ಸರ್ಕಾರ ತನ್ನ ಪ್ರಜೆಯನ್ನು ಆರಿಸಿಕೊಳ್ಳುವಂತಿಲ್ಲ. ಮೇಲುಕೋಟೆಯ ಯೋಗನರಸಿಂಹನ ಬೆಟ್ಟಕ್ಕೆ ಮೆಟ್ಟಿಲು ಕಡಿದವರು ಎಲ್ಲಕ್ಕಿಂತ ದುರ್ಬಲವಾದ ಕಾಲನ್ನು ಮನಸ್ಸಿನಲ್ಲಿಟ್ಟು ಅಳತೆ ಗೊತ್ತುಮಾಡಿದರೆ ಗಟ್ಟಿಗಾಲಿನವರಿಗೆ ಅದರಿಂದ ನಷ್ಟವೇನಿಲ್ಲ. ದುರ್ಬಲರ ಅಳತೆಗೆ ಮಾಡಿದ ದಾರಿಯಲ್ಲಿ ಎಲ್ಲರೂ ನಡೆಯಬಹುದು. ಬಲಶಾಲಿಗಳ ಅಳತೆಗೆ ಮಾಡಿದ್ದರಲ್ಲಿ ಬಲಶಾಲಿಗಳು ಮಾತ್ರ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಓಟಿಪಿ, ಕಾಲಮಿತಿ, ಮತ್ತೆ ಮತ್ತೆ ಕೇಳುವ ಗುರುತುಗಳು ಹಿರಿಯರನ್ನು ಕಾಡಲು ಬಂದವಲ್ಲ, ಕಾಪಾಡಲು ಬಂದವು. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯ ದೋಚುವ ಕಾಲದಲ್ಲಿ ಬಾಗಿಲು ಸುಲಭವಾದರೆ ಕಳ್ಳನಿಗೂ ಸುಲಭವಾಗುತ್ತದೆ ಎಂಬುದು ಅದು. ಇದರಲ್ಲಿ ಸತ್ಯವಿದೆ, ಮತ್ತು ಕಾವಲೇ ಬೇಡವೆಂಬುದು ನನ್ನ ಅಭಿಪ್ರಾಯವೂ ಅಲ್ಲ. ಆದರೆ ಬಳಸಲಾಗದ ಕಾವಲು ಯಾರನ್ನೂ ಕಾಯುವುದಿಲ್ಲ. ಮೂವತ್ತು ಸೆಕೆಂಡಿನಲ್ಲಿ ಅಂಕಿ ತುಂಬಲಾಗದವರು ಅದನ್ನು ಪಕ್ಕದವರಿಗೆ ಓದಿ ಹೇಳುತ್ತಾರೆ, ಪಿನ್ ಮರೆಯುವವರು ಅದನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡುತ್ತಾರೆ. ಗುಟ್ಟಿನ ಸಂಖ್ಯೆಯನ್ನು ಅಪರಿಚಿತರಿಗೆ ಹೇಳುವ ಅಭ್ಯಾಸವನ್ನು ವ್ಯವಸ್ಥೆಯೇ ದಿನವೂ ಮಾಡಿಸಿ, ಆಮೇಲೆ ವಂಚಕನಿಗೆ ಯಾಕೆ ಹೇಳಿದಿರಿ ಎಂದು ಕೇಳುವುದು ನ್ಯಾಯವಲ್ಲ. ನಿಜವಾದ ಕಾವಲು ಬೇರೆ ಕಡೆ ಇರಬೇಕು: ಹೊಸ ಖಾತೆಗೆ ದೊಡ್ಡ ಮೊತ್ತ ಹೋಗುವಾಗ ಬ್ಯಾಂಕೇ ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು, ಎಚ್ಚರಿಕೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವುದು, ಒಂದೇ ಗುಂಡಿಯಲ್ಲಿ ಖಾತೆಯನ್ನು ತಡೆಹಿಡಿಯುವ ದಾರಿ ಕೊಡುವುದು. ಇಲ್ಲಿಯೂ ನಿಯಮ ಅದೇ, ಹೊರೆ ಶಕ್ತಿ ಇದ್ದವರ ಹೆಗಲಿಗೆ.

ಕೊನೆಯ ಎರಡು ಆಕ್ಷೇಪಗಳು ಧರ್ಮಕ್ಕೆ ಸಂಬಂಧಿಸಿದವು. ವಯಸ್ಸಾದ ಮೇಲೆ ಲೌಕಿಕದ ಜಂಜಾಟದಿಂದ ಹಿಂದೆ ಸರಿಯುವುದೇ ನಮ್ಮ ಪರಂಪರೆಯ ಮಾರ್ಗ. ವಾನಪ್ರಸ್ಥಕ್ಕೆ ಹೊರಟವರಿಗೆ ಮೊಬೈಲಿನ ಹಂಗೇಕೆ ಎಂದು ಕೆಲವರು ಕೇಳಬಹುದು. ಆದರೆ ತ್ಯಾಗ ಎನ್ನುವುದು ಇದ್ದುದನ್ನು ತಾನಾಗಿ ಬಿಡುವುದು. ಇನ್ನೊಬ್ಬರು ಕಿತ್ತುಕೊಂಡದ್ದಕ್ಕೆ ತ್ಯಾಗದ ಹೆಸರು ಇಡಲಾಗದು. ತಿಂಗಳ ಅಕ್ಕಿ, ಔಷಧಿಯ ಹಣ, ಹೊಲದ ಪಹಣಿ ವೈರಾಗ್ಯದ ವಸ್ತುಗಳಲ್ಲ, ಬದುಕಿನ ಆಧಾರಗಳು. ಆಶ್ರಮಧರ್ಮ ಹಿರಿಯರಿಗೆ ಸಮಾಜದಿಂದ ಸರಿಯಲು ಅನುಮತಿ ಕೊಟ್ಟಿತೇ ಹೊರತು ಸಮಾಜಕ್ಕೆ ಹಿರಿಯರಿಂದ ಸರಿಯಲು ಕೊಡಲಿಲ್ಲ. ಇದಕ್ಕೆ ಎದುರು ದಿಕ್ಕಿನಿಂದ ಬರುವ ಪ್ರಶ್ನೆ, ಜಾತ್ಯತೀತ ಆಡಳಿತದ ವಿಷಯಕ್ಕೆ ಒಂದು ಪಂಥದ ದೇವತಾಶಾಸ್ತ್ರ ಏಕೆ ಎಂಬುದು. ದೇವರಲ್ಲಿ ನಂಬಿಕೆಯಿಲ್ಲದವರಿಗೂ ಈ ವಾದ ಸಲ್ಲುತ್ತದೆ ಎಂದೇ ನಾನು ನಂಬುತ್ತೇನೆ. ಮೂರ್ತಿರಾಯರು ತಮ್ಮ ಪುಸ್ತಕದಲ್ಲಿ ದೇವರ ಅಸ್ತಿತ್ವವನ್ನು ಒಪ್ಪಲಿಲ್ಲ, ಆದರೆ ಮನುಷ್ಯರ ಒಳ್ಳೆಯತನಕ್ಕೆ ದೇವರ ಆಸರೆ ಬೇಕಿಲ್ಲ ಎಂಬ ನಿಲುವಿನಿಂದ ಕದಲಲೂ ಇಲ್ಲ. ಅಕ್ಕಿಹೆಬ್ಬಾಳಿನ ನಾಸ್ತಿಕನೂ ಮೇಲುಕೋಟೆಯ ಆಚಾರ್ಯನೂ ಎಷ್ಟೇ ದೂರದಲ್ಲಿ ನಿಂತರೂ, ಬಲವುಳ್ಳವನು ಬಲವಿಲ್ಲದವನ ಕಡೆಗೆ ಇಳಿದು ಬರಬೇಕೆಂಬ ಈ ಮಾತನ್ನು ಇಬ್ಬರ ನೆಲೆಯಿಂದಲೂ ಆಡಬಹುದು. ಮನುಷ್ಯರು ತಾವು ಅತ್ಯುತ್ತಮವೆಂದು ಭಾವಿಸಿದ ಗುಣವನ್ನು ದೇವರಲ್ಲಿ ಕಂಡರು ಎಂದುಕೊಂಡರೂ ಸರಿ, ದೇವರಿಂದ ಕಲಿತರು ಎಂದುಕೊಂಡರೂ ಸರಿ. ಆ ಗುಣವನ್ನು ನಾವು ಕಟ್ಟಿದ ವ್ಯವಸ್ಥೆ ತೋರಿಸಬೇಡವೇ?

ಆದ್ದರಿಂದ ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಸಾರ್ವಜನಿಕ ಹಣದಿಂದ ಕಟ್ಟುವ ಯಾವ ಪರದೆಯೂ ಬಳಕೆಗೆ ಬರುವ ಮುನ್ನ ಇಂಥ ತಾಲ್ಲೂಕುಗಳ ಅರವತ್ತು, ಎಪ್ಪತ್ತು, ಎಂಬತ್ತರ ಜನರ ಕೈಗೆ ಬರಲಿ. ಅವರು ಯಾರ ಸಹಾಯವೂ ಇಲ್ಲದೆ ಕೆಲಸ ಮುಗಿಸುವವರೆಗೆ ಅದನ್ನು ಸಿದ್ಧವೆಂದು ಕರೆಯದಿರಲಿ. ಯಂತ್ರ ಒಪ್ಪದಿದ್ದಾಗ ಮನುಷ್ಯನೊಬ್ಬ ಒಪ್ಪಿ ಸಹಿ ಹಾಕುವ ದಾರಿ ಪ್ರತಿ ನಾಡಕಚೇರಿಯಲ್ಲೂ ಪ್ರತಿ ಸೊಸೈಟಿಯಲ್ಲೂ ತೆರೆದಿರಲಿ, ಆ ದಾರಿ ಇದೆ ಎಂಬುದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ಒಮ್ಮೆ ಕಲಿತ ಪರದೆಯನ್ನು ಕಾರಣವಿಲ್ಲದೆ ಬದಲಿಸದಿರಲಿ. ಹೆಬ್ಬೆಟ್ಟು ತಿರಸ್ಕೃತವಾದ ಪ್ರತಿ ಸಂದರ್ಭವೂ ಹಿರಿಯರ ವೈಫಲ್ಯವಾಗಿ ಅಲ್ಲ, ವ್ಯವಸ್ಥೆಯ ವೈಫಲ್ಯವಾಗಿ ದಾಖಲಾಗಲಿ, ಅದಕ್ಕೆ ಒಬ್ಬ ಅಧಿಕಾರಿ ಉತ್ತರ ಕೊಡಲಿ. ಇವುಗಳನ್ನು ದಯೆಯೆಂದು ಬೇಡುವ ಅಗತ್ಯವಿಲ್ಲ. ಈ ನೆಲದ ನಾಲೆಗಳ ಕೆಳಗೆ ದುಡಿದು, ಇಲ್ಲಿನ ಸಕ್ಕರೆ, ಅಕ್ಕಿ, ರಾಗಿಯನ್ನು ನಾಡಿಗೆ ಉಣಿಸಿದವರು ತಮ್ಮ ಪಾಲನ್ನು ತಮ್ಮ ಕೈಯಿಂದಲೇ ಪಡೆಯಬೇಕೆಂಬುದು ಅವರ ಹಕ್ಕು. ಆ ಹಕ್ಕು ಕೈಗೆಟುಕುವಂತೆ ಮಾಡಿದಾಗ ಚಿಕ್ಕದಾಗುವುದು ಪರದೆಯ ಹಿಂದಿನವರ ಅನುಕೂಲ ಮಾತ್ರ. ಅವರ ದೊಡ್ಡತನ ಅಲ್ಲಿಂದಲೇ ಶುರುವಾಗುತ್ತದೆ.